ಮೆಷಿನ್ ಸದ್ದಿನ ಮರೆಯಲ್ಲಿ

ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಎಂಥ ಡೊಳ್ಳುಹೊಟ್ಟೆಯವನಿಗೂ ಅಂಗಿಯನ್ನು ಒಪ್ಪವಾಗಿ ಕೂರಿಸುವ ಕೈ ಅವಳದು. ತನ್ನ ಬಟ್ಟೆಗಳನ್ನು ಮಾತ್ರ ಮತ್ತೆ ಮತ್ತೆ ಬಿಗಿ ಮಾಡಿಕೊಳ್ಳುತ್ತಿದ್ದಳು, ಅಷ್ಟು ಸೊರಗಿದ್ದಳು.

"ತೆಳ್ಳಗಾಗೋ ಹುಚ್ಚು ಕಣೋ ಇವಳಿಗೆ," ಎಂದು ಅತ್ತೆ ಮಗನ ಹತ್ತಿರ ಗೊಣಗಿದಳು.

ಅತ್ತೆಗೇನು ಗೊತ್ತು, ಪಾಪ. ಟೈಲರಮ್ಮನಿಗಿದ್ದದ್ದು ವಾಂತಿಯ ಭಯ. ತನಗೂ ಆಗಬಾರದು, ಎದುರಿಗಿದ್ದವರಿಗೂ ಆಗಬಾರದು. ಅದಕ್ಕೇ ಅರೆಹೊಟ್ಟೆ ಊಟ. ಹಾಲನ್ನು ಮೂಸಿ ಮೂಸಿ ಕೊನೆಗೆ ಚೆಲ್ಲಿಬಿಡುವುದು. ಗಿರಾಕಿಯ ಬಟ್ಟೆ ಮುಟ್ಟಿದರೆ ಚರ್ಮ ಬಿರಿದು ರಕ್ತ ಜಿನುಗುವ ತನಕ ಕೈ ತೊಳೆಯುವುದು. ಬಸ್ಸಿನ ಸಹವಾಸವನ್ನಂತೂ ಎಂದೋ ಬಿಟ್ಟಿದ್ದಳು.

ಒಬ್ಬ ಡಾಕ್ಟರು ಹಸಿವಿಗೆ ಟಾನಿಕ್ ಬರೆದರು, ಇನ್ನೊಬ್ಬರು ಕೈ ತೊಳೆಯುವ ಗೀಳಿಗೆ ಮಾತ್ರೆ ಕೊಟ್ಟರು. ಇಬ್ಬರ ಮುಂದೆಯೂ ವಾಂತಿ ಎಂಬ ಪದ ಅವಳ ಬಾಯಿಂದ ಹೊರಡಲಿಲ್ಲ. ಹೇಳಿದರೆ ಎಲ್ಲಿ ಬಂದೇಬಿಡುತ್ತದೋ ಎಂಬ ಹೆದರಿಕೆ.

ಇನ್ನೂ ಹಾಲುಹಲ್ಲು ಬೀಳದ ಮಗಳೊಬ್ಬಳಿದ್ದಳು. ಮಗು ಕೆಮ್ಮಿದರೆ ಸಾಕು, ಎಲ್ಲಿ ವಾಂತಿ ಮಾಡುತ್ತದೋ ಎಂದು ಇವಳು ಓಡಿಹೋಗಿ ಮೆಷಿನ್ ಮುಂದೆ ಕೂತು, ಬಟ್ಟೆಯಿರಲಿ ಬಿಡಲಿ, ಪೆಡಲ್ ತುಳಿಯುತ್ತಿದ್ದಳು. ಆ ಗಡಗಡ ಸದ್ದಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ.

"ಬಟ್ಟೆನೇ ಇಲ್ವಲ್ಲೇ, ಯಾವ ದೆವ್ವಕ್ಕೆ ಹೊಲೀತಿದ್ದೀಯ?" ಎಂದು ಗಂಡ ನಗುತ್ತಿದ್ದ.

ಅಷ್ಟರಲ್ಲಿ ಮಗುವನ್ನು ಅತ್ತೆಯೇ ಎತ್ತಿಕೊಂಡು, ತೊಳೆದು, ಮಲಗಿಸಿರುತ್ತಿದ್ದಳು. ಟೈಲರಮ್ಮ ಅಳುತ್ತಿದ್ದದ್ದೂ ಆ ಸದ್ದಿನಲ್ಲೇ. ಒಂದೇ ಒಂದು ಸಲ ಮಗಳ ಹಣೆ ಹಿಡಿದು ಪಕ್ಕದಲ್ಲಿ ನಿಲ್ಲಬೇಕು, ಅಷ್ಟಾದರೆ ತಾನೂ ತಾಯಿ ಎನ್ನಬಹುದು ಎಂಬ ಆಸೆ ಅವಳಿಗೆ.

ಆ ಮಧ್ಯಾಹ್ನ ಅತ್ತೆ ಮನೆಯಲ್ಲಿರಲಿಲ್ಲ. ಶಾಲೆಯಿಂದ ಬಂದ ಮಗುವಿನ ಮುಖ ಬಿಳಿಚಿಕೊಂಡಿತ್ತು. ಚೀಲ ಎಸೆದು ಬಚ್ಚಲಿಗೆ ಓಡಿತು. ಟೈಲರಮ್ಮ ಮೆಷಿನ್ ಮುಂದೆ ಕೂತು ಆಗಲೇ ಪೆಡಲ್ ಮೇಲೆ ಕಾಲಿಟ್ಟಾಗಿತ್ತು. ಈ ಸಲ ಬೇಡ ಎಂದು ಹಲ್ಲು ಕಚ್ಚಿ ಎದ್ದಳು. ಗೋಡೆ ಹಿಡಿದುಕೊಂಡೇ ಬಚ್ಚಲಿನ ತನಕ ಹೋದಳು.

ನಲ್ಲಿ ಜೋರಾಗಿ ಸುರಿಯುತ್ತಿತ್ತು. ಮಗಳು ಟವೆಲನ್ನು ಬಾಯಿಗೆ ಒತ್ತಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಅಮ್ಮನನ್ನು ಕಂಡದ್ದೇ ಗಟಕ್ಕನೆ ಏನನ್ನೋ ನುಂಗಿದಳು. ಕಣ್ಣಲ್ಲಿ ನೀರು ಬಂತು.

"ಏನಾಯ್ತು ಪುಟ್ಟಿ?"

"ಏನೂ ಇಲ್ಲಮ್ಮ, ನುಂಗ್ಬಿಟ್ಟೆ. ಯಾವಾಗ್ಲೂ ಹೀಗೇ ಮಾಡೋದು ನಾನು, ಅಜ್ಜಿ ಇಲ್ದಿದ್ರೆ. ನೀನು ಹೋಗಿ ಮೆಷಿನ್ ಓಡಿಸ್ಕೋ."

ಟೈಲರಮ್ಮ ಕೈಯನ್ನು ಮಗಳ ಹಣೆಯತ್ತ ಚಾಚಿದಳು. ಮಗು ತಲೆಯನ್ನು ಹಿಂದಕ್ಕೆ ಎಳೆದುಕೊಂಡಿತು.

"ಮುಟ್ಬೇಡಮ್ಮ. ಆಮೇಲೆ ನಿನ್ ಕೈಯಲ್ಲಿ ರಕ್ತ ಬರುತ್ತೆ."