ಸೇತುವೆಯ ಈಚೆ ಕೂತಿದ್ದು

ಮಗಳ ಮನೆ ಬೋಲಿಂಗ್‌ಬ್ರೂಕಿನಲ್ಲಿ, ಮಗನದು ಮಿಶಿಗನ್ನಿನ ಫಾರ್ಮಿಂಗ್ಟನ್ ಹಿಲ್ಸಿನಲ್ಲಿ. ಮಗಳ ಬಾಣಂತನ ಮುಗಿಸಿದ್ದೆ, ಮುಂದಿನ ತಿಂಗಳು ಸೊಸೆಯದು. ಅವಳ ತಾಯಿಗೆ ವೀಸಾ ಸಿಗಲಿಲ್ಲ. ನಡುದಾರಿಯಲ್ಲಿ ಹಾಲೆಂಡ್ ಅಂತ ಊರಿದೆ, ಹಿಂದೆ ಡಚ್ಚರು ಬಂದು ಕಟ್ಟಿದ್ದು, ಅಲ್ಲಿ ಕಾರು ಬದಲಾಯಿಸಿದರೆ ಅಮ್ಮ ಒಂದು ಊರು ನೋಡಿದ ಹಾಗೂ ಆಗುತ್ತೆ ಅಂತ ಅಕ್ಕ ತಮ್ಮ ಫೋನಿನಲ್ಲೇ ತೀರ್ಮಾನ ಮಾಡಿಕೊಂಡರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಬಾಣಂತನ ನನ್ನ ಕೈಲಿ ಆಗುವುದಿಲ್ಲ ಅನ್ನುತ್ತಿದ್ದೆ.

ಎಣ್ಣೆ ಹಚ್ಚಿ ನೀರು ಹಾಕಿ, ಮೆಣಸಿನ ಸಾರು ಕಾಯಿಸಿ, ರಾತ್ರಿಯೆಲ್ಲ ಮಗು ಹೊತ್ತು ತಿರುಗಿ ನನ್ನ ಸೊಂಟ ಬಿದ್ದುಹೋಗಿತ್ತು. ಸಾಂಬ್ರಾಣಿ ಹೊಗೆ ಹಾಕಿದರೆ ಸೂರಿನ ಅಲಾರಂ ಬಡಕೊಳ್ಳುತ್ತಿತ್ತು. ಅಳಿಯ ಸ್ಟೂಲು ಹತ್ತಿ ಟವೆಲ್ ಬೀಸುತ್ತಿದ್ದ. ಆ ಮನೆಯಲ್ಲಿ ಅವನು ಮಾಡಿದ ಬಾಣಂತನ ಅಷ್ಟೇ.

ನಾವು ಹಾಲೆಂಡ್ ತಲುಪಿದಾಗ ಮಗ ಸೊಸೆಯ ಪಕ್ಕ ಮುಖ ಊದಿಸಿಕೊಂಡು ನಿಂತಿದ್ದ. ಮಿಶಿಗನ್ನಿನ ಗಡಿಯಾರ ಮಗಳ ಊರಿಗಿಂತ ಒಂದು ಗಂಟೆ ಮುಂದಂತೆ, ಮಗಳು ಅದನ್ನು ಮರೆತಿದ್ದಳು. ಪೇಟೆಯ ಕಟ್ಟಡಗಳೆಲ್ಲ ಇಟ್ಟಿಗೆಯವು. ಅಂಗಡಿಯಲ್ಲಿ ಮರದ ಬೂಟು ಇಟ್ಟಿದ್ದರು. ಹಾಕಿ ನೋಡಿ ಅಂತ ಎಲ್ಲರೂ ಹಿಂದೆ ಬಿದ್ದರು. ನನ್ನ ಊದಿದ ಕಾಲು ಅದರೊಳಗೆ ಹೋಗಲಿಲ್ಲ. ಟ್ಯೂಲಿಪ್ ಹೂವುಗಳು ಸಾಲಾಗಿ ನಿಂತಿದ್ದವು, ಒಂದಕ್ಕೂ ವಾಸನೆಯಿಲ್ಲ.

ಗಾಳಿಗೆ ತಿರುಗಿ ಹಿಟ್ಟು ಬೀಸುವ ದೊಡ್ಡ ಗಿರಣಿ ಇದ್ದದ್ದು ನೀರಿನ ಆಚೆ. ಸೇತುವೆ ಹತ್ತಿರ ಸೊಸೆ ನಿಂತುಬಿಟ್ಟಳು.

"ಬಸುರಿ ಹೊಳೆ ದಾಟಬಾರದಂತಲ್ಲ ಅತ್ತೆ. ನಾನು ಇಲ್ಲೇ ಕೂತಿರ್ತೀನಿ."

"ಬರ್ತಾ ಹೈವೇನಲ್ಲಿ ಎಷ್ಟು ಹೊಳೆ ದಾಟಿದ್ಯೋ! ಕಾಲು ನೋಯ್ತಿದೆ ಅನ್ನು ಸಾಕು."

ಅವಳು ನಕ್ಕಳು. ಕಾಲು ನನಗೂ ನೋಯುತ್ತಿತ್ತು. ಶಾಸ್ತ್ರದ ಹೆಸರಿನಲ್ಲಿ ಇಬ್ಬರೂ ಈಚೆ ದಡದ ಬೆಂಚಿನಲ್ಲಿ ಕೂತೆವು. ಉಳಿದವರು ಮಗುವನ್ನು ಎತ್ತಿಕೊಂಡು ಆಚೆ ಹೋದರು.

ಹೇಳುವುದಿದ್ದರೆ ಈಗಲೇ ಅನ್ನಿಸಿತು. "ನೋಡಮ್ಮ, ನಂಗೆ ಕೂಡಲ್ಲ. ಅಡುಗೆ ಮಾಡಿ ಹಾಕ್ತೀನಿ. ನೀರು ಹಾಕೋದು, ರಾತ್ರಿ ಮಗು ಹೊರೋದು ನನ್ನಿಂದಾಗಲ್ಲ."

ಅವಳ ಮುಖ ಸಣ್ಣದಾಯಿತು. ಸಮಾಧಾನ ಮಾಡುವ ಮಾತು ನನಗೆ ಬರುವುದಿಲ್ಲ.

"ಹಾಗಾದ್ರೆ ಯಾರು ಮಾಡ್ತಾರೆ ಅತ್ತೆ? ಅಮ್ಮನಂತೂ ಬರಲ್ಲ."

"ನಿನ್ನ ಗಂಡ ಇಲ್ವಾ?"

"ಅವ್ರಾ? ಮಗು ನೋಡ್ಕೊಳ್ಳೋಕೆ ನೀವು ಬರ್ತೀರ ಅಂತ ಲೀವೇ ಅಪ್ಲೈ ಮಾಡಿಲ್ಲ."

ಅದು ನನಗೆ ಗೊತ್ತಿರಲಿಲ್ಲ. ಸಿಟ್ಟು ಬಂತು, ಆದರೆ ಎದ್ದು ಕೂಗಾಡುವಷ್ಟು ತ್ರಾಣ ಇರಲಿಲ್ಲ.

ಮಗ ಸೇತುವೆ ಇಳಿದು ಬಂದ, ಕೈಯಲ್ಲಿ ಗಿರಣಿಯ ಹಿಟ್ಟಿನ ಚೀಲ. ಹಿಂದೆಯೇ ಮಗುವಿನೊಡನೆ ಮಗಳು. "ಅಮ್ಮ, ಇಲ್ಲೇ ಬೀಸಿದ್ದು! ಚಪಾತಿ ಮಾಡ್ಬೋದು ನೀನು."

"ಮಾಡ್ತೀನಿ. ರಾತ್ರಿ ಮಗು ಎತ್ಕೊಳ್ಳೋದು ಮಾತ್ರ ನೀನು. ಲೀವ್ ಹಾಕು."

"ಆಫೀಸಲ್ಲಿ ತುಂಬಾ ಕೆಲ್ಸ ಇದೆಯಮ್ಮ. ಅಕ್ಕಂಗೆ ಎಲ್ಲಾ ಮಾಡಿದ್ಯಲ್ಲ?"

"ಮಾಡಿದ್ದಕ್ಕೇ ಹೇಳ್ತಿರೋದು. ಸೊಂಟ ಅಲ್ಲೇ ಬಿಟ್ಟು ಬಂದಿದೀನಿ, ನಿಂಗೆ ತರೋಕೆ ಉಳಿದಿಲ್ಲ."

ಸೊಸೆ ಬೇರೆ ಕಡೆ ಮುಖ ತಿರುಗಿಸಿದಳು, ನಗು ಕಾಣಬಾರದು ಅಂತ. ಮಗಳು ತಲೆ ತಗ್ಗಿಸಿದಳು. ಅವಳನ್ನು ಅನ್ನಬೇಕೆಂದು ಹೇಳಿದ್ದಲ್ಲ, ಆದರೂ ವಾಪಸ್ ತೆಗೆದುಕೊಳ್ಳಲಿಲ್ಲ.

ಪೆಟ್ಟಿಗೆಗಳು ಆ ಕಾರಿನಿಂದ ಈ ಕಾರಿಗೆ ಬಂದವು. ಮಗ ಡ್ರೈವ್ ಮಾಡಿದ. ಎಷ್ಟೋ ಮೈಲಿ ಕಳೆದ ಮೇಲೆ, ಹಿಂದೆ ತಿರುಗದೆ ಕೇಳಿದ: "ಮಗು ಎತ್ಕೊಳ್ಳೋವಾಗ ಕತ್ತಿನ ಕೆಳಗೆ ಕೈ ಕೊಡ್ಬೇಕಲ್ವಾ?"

"ಹೂಂ," ಅಂದು ಕಣ್ಣು ಮುಚ್ಚಿದೆ.