ಅಪ್ಪನ ರಿಂಗು

ಆ ದಿನಗಳಲ್ಲಿ ನಮ್ಮ ಮನೆಯ ಫೋನು ಒಂದೇ ಸಲ ರಿಂಗಾಗಿ ನಿಂತರೆ ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲ. ಬಾಲ್ಕನಿಗೆ ಓಡುತ್ತಿದ್ದೆವು.

ಪರದೇಶದಲ್ಲಿ, ಕ್ಲಾಂಗ್ ನದಿ ಸಮುದ್ರ ಸೇರುವ ಕಡೆ, ಬಂದರಿನ ಗೋದಾಮುಗಳ ಹಿಂದಿನ ಐದು ಮಹಡಿಯ ಫ್ಲ್ಯಾಟುಗಳಲ್ಲಿ ನಾವಿದ್ದೆವು. ಎದುರಿಗೆ ತಾಳೆ ಎಣ್ಣೆಯ ಕಾರ್ಖಾನೆ. ಅಪ್ಪ ಅಲ್ಲಿ ಬಾಯ್ಲರ್ ಎಂಜಿನಿಯರ್. ಬೆಳಿಗ್ಗೆ ಕಮಟು ಎಣ್ಣೆಯ ವಾಸನೆ, ಮಧ್ಯಾಹ್ನ ನದಿಯ ಕೆಸರಿನದು, ಸಂಜೆ ಲಾರಿಗಳ ಡೀಸೆಲ್. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಮಸಿ. ಇಂಥ ಜಾಗದಲ್ಲಿ ಮೈಸೂರಿನ ನಮ್ಮಮ್ಮನಿಗೆ ಸಂಡಿಗೆ ಇಡಬೇಕಿತ್ತು.

ನನಗಾಗ ಹತ್ತು ವರ್ಷ. ಜೂನ್ ರಜೆ. ಅಮ್ಮ ಸಬ್ಬಕ್ಕಿ ಬೇಯಿಸಿ, ಹಸಿಮೆಣಸಿನಕಾಯಿ ಇಂಗು ಅರೆದು ಹಾಕಿ, ಮೂರು ಅಗಲ ತಟ್ಟೆಗಳಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಚಮಚದಿಂದ ಇಟ್ಟಳು. ಸಂಜೆಗೆ ಎಲ್ಲದರ ಮೇಲೂ ಕರಿ ಎಳ್ಳು ಉದುರಿಸಿದ ಹಾಗೆ ಬೂದಿ. ಅಪ್ಪ ಬಂದಾಗ ತಟ್ಟೆಯನ್ನೇ ಅವರ ಮುಂದಿಟ್ಟಳು.

"ನಿಮ್ಮ ಫ್ಯಾಕ್ಟರಿ ಮಾಲು. ನೀವೇ ತಿನ್ನಿ."

"ಬಾಯ್ಲರ್ ಕೊಳವೇಲಿ ಕಟ್ಟಿದ ಬೂದಿ ಊದಿ ಕ್ಲೀನ್ ಮಾಡ್ಲೇಬೇಕು ಕಣೇ. ನಾನೇನ್ ಮಾಡ್ಲಿ?"

"ಊದೋ ಮುಂಚೆ ಒಂದು ಮಾತು ಹೇಳೋಕೇನು?"

ಮರುದಿನದಿಂದ ಊದುವ ಮುಂಚೆ ಅಪ್ಪನ ಮಿಸ್ಡ್ ಕಾಲ್ ಶುರುವಾಯಿತು. ಒಂದು ರಿಂಗು ಬಂದರೆ ತಟ್ಟೆ ಒಳಕ್ಕೆ. ಹತ್ತು ನಿಮಿಷದಲ್ಲಿ ಬೂದಿ. ಯಾವ ಹೊತ್ತಿನಲ್ಲಿ ಒಣಗಿಸಬಹುದೆಂದು ಗೊತ್ತಾಗಲಿ ಎಂದು ಅಮ್ಮ ನನಗೊಂದು ನೋಟ್‌ಬುಕ್ ಕೊಟ್ಟಳು. ತಾರೀಕು, ರಿಂಗು ಬಂದ ಸಮಯ, ಬೂದಿ ಬಿದ್ದ ಸಮಯ. ಗೆರೆ ಎಳೆದು ಬರೆದೆ. ಅದಕ್ಕೆ ಹೊತ್ತುಗೊತ್ತಿಲ್ಲ ಎಂಬುದಷ್ಟೇ ತಿಳಿಯಿತು.

ವಾರದೊಳಗೆ ಇಡೀ ಕಟ್ಟಡದ ಕಣ್ಣು ನಮ್ಮ ತಟ್ಟೆಗಳ ಮೇಲೆ. ರಿಂಗಿನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ತಟ್ಟೆ ಎತ್ತಿದರೆ ಪಕ್ಕದ ಮನೆಯ ಸೆಲ್ವಿ ಅಕ್ಕ ಬಟ್ಟೆ ಎಳೆದುಕೊಳ್ಳುತ್ತಿದ್ದರು. ಕೆಳಗೆ ಉಪ್ಪುಮೀನು ಒಣಗಿಸುತ್ತಿದ್ದ ಲಿಮ್ ಅಂಕಲ್ ಕತ್ತೆತ್ತಿ ಕೂಗುತ್ತಿದ್ದರು: "ಮೈಸೂರ್ ಆಂಟಿ! ಪಪ್ಪಡಮ್ ಗೋ ಇನ್ ಆಲ್ರೆಡಿ ಆ?"

"ಇವರಿಗೆ ನನ್ನ ಬಾಲ್ಕನಿ ಬಿಟ್ಟು ನೋಡೋಕೆ ಬೇರೇನೂ ಇಲ್ವಾ?" ಎಂದು ಅಮ್ಮ ಹಲ್ಲು ಕಚ್ಚುತ್ತಿದ್ದಳು. ಆದರೂ ತಟ್ಟೆ ಎತ್ತುವಾಗ ಬೇಕೆಂದೇ ಕಟಕಟ ಸದ್ದು ಮಾಡುತ್ತಿದ್ದಳು.

ರಜೆಯ ಕೊನೆಗೆ ನಿವಾಸಿಗಳು ದೂರು ಕೊಟ್ಟರು. ಕಾರ್ಖಾನೆಯ ಅಧಿಕಾರಿಯೊಬ್ಬರು ಕೆಳಗಿನ ಹಾಲ್‌ಗೆ ಬಂದು, ಹಗಲು ಹೊತ್ತು ನಾವು ಬೂದಿ ಬಿಡುವುದೇ ಇಲ್ಲ, ಅದು ರಸ್ತೆಯ ಧೂಳು ಎಂದರು. ದಿನ, ಸಮಯ ಬರೆದಿಟ್ಟ ದಾಖಲೆ ಯಾರ ಬಳಿಯಾದರೂ ಇದೆಯೇ ಎಂದು ಕೇಳಿದರು.

ಉಪಯೋಗಕ್ಕೆ ಬರಬಹುದೆಂದು ನಾನು ನೋಟ್‌ಬುಕ್ ತಂದಿದ್ದೆ. ಏಳಲು ಹೊರಟೆ. ಎರಡನೆಯ ಕಾಲಂನ ತಲೆಯಲ್ಲಿ ದುಂಡಗೆ ಬರೆದಿದ್ದೆ: ಅಪ್ಪನ ರಿಂಗು. ಅಪ್ಪನ ಕೆಲಸದ ಪಾಸು ಮುಂದಿನ ತಿಂಗಳು ನವೀಕರಣವಾಗಬೇಕಿತ್ತು. ಕಂಪನಿ ಸಹಿ ಹಾಕದಿದ್ದರೆ ಮೂವರೂ ದೇಶ ಬಿಡಬೇಕು. ಅಮ್ಮ ನೋಟ್‌ಬುಕ್ ಕಿತ್ತುಕೊಂಡು ಅದರ ಮೇಲೆ ಕೂತಳು.

ಅಷ್ಟರಲ್ಲಿ ಲಿಮ್ ಅಂಕಲ್ ಎದ್ದು ಅಮ್ಮನ ಕಡೆ ಕೈ ತೋರಿಸಿದರು. "ಆಸ್ಕ್ ಹರ್ ಲಾ! ಹರ್ ಪಪ್ಪಡಮ್ ಆಲ್ವೇಸ್ ನೋ ಫಸ್ಟ್!"

ಬೂದಿ ಬರುವುದು ಅಮ್ಮನ ಹಪ್ಪಳಕ್ಕೇ ಮೊದಲು ಗೊತ್ತಾಗುತ್ತದಂತೆ. ಎಲ್ಲರೂ ನಕ್ಕರು. ಅಧಿಕಾರಿ ನಗಲಿಲ್ಲ. ನಿಮಗೆ ಹೇಗೆ ಗೊತ್ತಾಗುತ್ತದೆ ಮೇಡಮ್, ಎಂದರು.

"ನೋ ನೋ, ಮಳೆ ಬರಬಹುದು ಅಂತ ಎತ್ತುತ್ತೇನೆ, ಅಷ್ಟೇ," ಎಂದು ಅಮ್ಮ ತನ್ನ ಇಂಗ್ಲಿಷಿನಲ್ಲಿ ಹೇಳಿದಳು.

ದಾಖಲೆ ಇಲ್ಲ ಎಂದು ಬರೆದುಕೊಂಡು ಅವರು ಹೋದರು. "ಇನ್ನು ಫೋನ್ ಮಾಡ್ಬೇಡಿ," ಎಂದು ಅಮ್ಮನೇ ಅಪ್ಪನಿಗೆ ಹೇಳಿದಳು. ಮರುದಿನ ಸಂಡಿಗೆ, ಬಟ್ಟೆ, ಮೀನು, ಎಲ್ಲದರ ಮೇಲೂ ಬೂದಿ ಬಿತ್ತು. ಜನ ಕಾರ್ಖಾನೆಯನ್ನು ಬಿಟ್ಟು ಅಮ್ಮನ ಮೇಲೆ ಸಿಟ್ಟಾದರು. ಸೆಲ್ವಿ ಅಕ್ಕ ಮಸಿಯಾದ ಶಾಲೆಯ ಅಂಗಿ ಹಿಡಿದುಕೊಂಡು ಬಂದು, "ಏನಕ್ಕಾ ನೀವು, ಮೊದಲೇ ತಟ್ಟೆ ಎತ್ತಬಾರದಾ?" ಎಂದು ತಮಿಳಿನಲ್ಲಿ ಕೇಳಿದರು. ಅಮ್ಮ ತಟ್ಟೆಗಳನ್ನು ತೊಳೆದು ಮಂಚದ ಕೆಳಗೆ ತಳ್ಳಿದಳು.

ಅಪ್ಪನ ಪಾಸು ನವೀಕರಣವಾಯಿತು.

ಈಗ ನಾವು ರಾಜಧಾನಿಯ ಬ್ರಿಕ್‌ಫೀಲ್ಡ್ಸ್‌ನಲ್ಲಿದ್ದೇವೆ. ನಾನು ವರದಿಗಾರ್ತಿ, ದಾಖಲೆ ಇಟ್ಟುಕೊಂಡೂ ಕೊಡದ ಜನರ ಮೇಲೆ ದಿನವೂ ರೇಗುತ್ತೇನೆ. ಅಮ್ಮ ಅಂಗಡಿಯ ಪ್ಯಾಕೆಟ್ ಸಂಡಿಗೆ ಕರಿಯುತ್ತಾಳೆ, ಅಚ್ಚ ಬಿಳಿ. ಕಳೆದ ತಿಂಗಳು ಆ ಫ್ಲ್ಯಾಟುಗಳ ಕಡೆ ಹೋಗಿದ್ದೆ. ಕಾರ್ಖಾನೆಯ ಚಿಮಣಿ ಇನ್ನೂ ಇದೆ. ಬಾಲ್ಕನಿಗಳಿಗೆಲ್ಲ ಗಾಜು ಹಾಕಿಸಿಕೊಂಡಿದ್ದಾರೆ. ಯಾರು ಏನನ್ನು ಒಳಗೆ ತೆಗೆದುಕೊಂಡರೂ ಕೆಳಗಿನವರಿಗೆ ಕಾಣುವುದಿಲ್ಲ.

ನೋಟ್‌ಬುಕ್ ನನ್ನ ಬಳಿಯೇ ಇದೆ. ಕೊನೆಯ ಸಾಲು ಸಭೆಯ ಮರುದಿನದ್ದು. ಬೂದಿ ಬಿದ್ದ ಸಮಯ ಬರೆದಿದ್ದೇನೆ. ರಿಂಗಿನ ಕಾಲಂ ಖಾಲಿ.