ಹಗ್ಗ ಕೊಡದೆ ಮಾರಿದ ಕಾರು

ಪುತ್ತೂರಿನಲ್ಲಿ ವಕೀಲಿ ಮಾಡುವವನು ನಾನು. ಊರವರ ಕ್ರಯಪತ್ರದಲ್ಲಿ ಒಂದು ಅಕ್ಷರ ತಪ್ಪಿದರೂ ಹಾರಾಡುತ್ತೇನೆ. ಅಂಥವನು ಸ್ವಂತಕ್ಕೆ ಕಾರು ಕೊಳ್ಳುವಾಗ ಅದರ ಎರಡನೇ ಕೀಯನ್ನು ಮಾರಿದವರ ಕೈಯಲ್ಲೇ ಬಿಟ್ಟು ಬಂದೆ ಎಂದರೆ ಯಾರೂ ನಂಬುವುದಿಲ್ಲ. ಹೆಂಡತಿ ಮಾತ್ರ ಕೂಡಲೇ ನಂಬಿದಳು.

ಕಾರು ಸುಳ್ಯದ ಕಡೆಯದ್ದು. ಎರಡೇ ಬಾಗಿಲು, ಎರಡೇ ಸೀಟು, ಕೆಂಪು ಬಣ್ಣ, ಒಳಗೆ ಕೂತರೆ ಚಾಪೆಯ ಮೇಲೆ ಕೂತ ಹಾಗೆ. ಅದರ ಯಜಮಾನರು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಮಾರಲು ನಿಂತವರು ಅವರ ಹೆಂಡತಿ, ಅರುವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಮನೆಯವರ ಜೊತೆ ಆ ಕಡೆಯ ಅರೆಭಾಷೆ, ನನ್ನ ಜೊತೆ ಕನ್ನಡ. ಹಾಲಿನ ಸೊಸೈಟಿಗೆ ದಿನಾ ತಾವೇ ಓಮ್ನಿ ಓಡಿಸಿಕೊಂಡು ಹೋಗುತ್ತಾರೆಂದು ಮಾತಿನ ನಡುವೆ ಗೊತ್ತಾಯಿತು.

"ಹಾಗಾದ್ರೆ ಇದನ್ನೂ ಓಡಿಸ್ತಿದ್ರಾ ಅಕ್ಕ?" ಎಂದು ಕೇಳಿದೆ.

ಪಕ್ಕದಲ್ಲಿದ್ದ ಅವರ ಮೈದುನ ಜೋರಾಗಿ ನಕ್ಕರು. "ಇದನ್ನಾ? ಅಣ್ಣ ಸ್ಟೇರಿಂಗ್ ಮುಟ್ಲಿಕ್ಕೆ ಬಿಡ್ತಿರ್ಲಿಲ್ಲ ಮಾರಾಯ್ರೆ. ಕ್ಲಚ್ ಸುಟ್ಟು ಹೋಗ್ತದೆ, ಇದು ನಿನ್ನ ಕೈಗೆ ಬಗ್ಗುವ ಗಾಡಿ ಅಲ್ಲ ಅಂತ ಬೊಬ್ಬೆ ಹಾಕ್ತಿದ್ರು."

ಅಕ್ಕ ನಗಲಿಲ್ಲ. ಕಾರಿಗೆ ಹೊದೆಸಿದ್ದ ಬಟ್ಟೆಯನ್ನು ಮಡಚುತ್ತಾ ಇದ್ದರು. ಹೊರಡುವ ಹೊತ್ತಿಗೆ ನನ್ನ ಕೈಗೆ ಒಂದು ಕೀ ಇಟ್ಟರು. ಇನ್ನೊಂದು ಎಲ್ಲಿ ಎಂದೆ.

"ದನ ಕೊಟ್ಟವರು ಹಗ್ಗ ಕೊಡುದುಂಟಾ ವಕೀಲ್ರೆ?" ಎಂದರು.

ನಮ್ಮ ಕಡೆ ದನ ಮಾರಿದರೆ ಕುತ್ತಿಗೆಯ ಹಗ್ಗವನ್ನು ಬಿಚ್ಚಿ ಇಟ್ಟುಕೊಳ್ಳುವುದು ಕ್ರಮ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಗ್ಗವೂ ಹೋದರೆ ದನದ ಹಟ್ಟಿಯ ಭಾಗ್ಯವೇ ಅದರ ಹಿಂದೆ ಹೋಗುತ್ತದೆ ಎಂಬ ನಂಬಿಕೆ. ಬೆಟ್ಟಂಪಾಡಿಯ ನಮ್ಮ ಮನೆಯಲ್ಲಿ ಅಮ್ಮ ಹಾಗೆ ಬಿಚ್ಚಿದ ಹಗ್ಗ ಹಿಡಿದುಕೊಂಡು ಒಳಗೆ ಹೋಗಿ ಅತ್ತದ್ದನ್ನು ಕಂಡವನು ನಾನು. ದನಕ್ಕೂ ಕಾರಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ವಾದಿಸಬಹುದಿತ್ತು, ವಾದಿಸುವುದೇ ನನ್ನ ಕಸುಬು. ಆದರೆ ಆ ಹೆಂಗಸಿನ ಮುಖ ನೋಡಿದ ಮೇಲೆ ವಾದ ಬಿಟ್ಟೆ. ಅದೂ ಸರಿಯೇ ಎಂದು ಹೇಳಿ ಬಂದೆ.

ಮನೆಯಲ್ಲಿ ಹೆಂಡತಿ ಕಾರಿಗೆ ಒಂದು ಸುತ್ತು ಬಂದಳು. "ಎರಡೇ ಸೀಟಾ? ಅತ್ತೆಯನ್ನು ಡಿಕ್ಕಿಯಲ್ಲಿ ಕೂರಿಸುದಾ?" ಎಂದಳು. ಮರುದಿನ ಕೋರ್ಟಿನಲ್ಲಿ ಕರಿ ಕೋಟು ಹಾಕಿಕೊಂಡು ನಾನು ಆ ಕಾರಿನಿಂದ ತೆವಳಿ ಹೊರಬರುವುದನ್ನು ನೋಡಲು ಸಹೋದ್ಯೋಗಿಗಳೆಲ್ಲ ಜಗಲಿಯಲ್ಲಿ ಸಾಲಾಗಿ ನಿಂತಿದ್ದರು. ನಗುವವರು ನಗಲಿ ಎಂದುಕೊಂಡೆ. ಪ್ರಾಯಕಾಲದಲ್ಲಿ ಆಸೆ ಇತ್ತು, ಕಾಸು ಇರಲಿಲ್ಲ. ಈಗ ಸೊಂಟ ಇಲ್ಲ, ಅಷ್ಟೇ ವ್ಯತ್ಯಾಸ.

ಈ ಜಾತಿಯ ಕಾರು ಇರುವವರದ್ದೊಂದು ಬಳಗ ಇದೆ. ಪುತ್ತೂರು, ಸುಳ್ಯ, ಕಡಬದ ಕಡೆಯ ಕೆಲವರು ವಾಟ್ಸಾಪಿನಲ್ಲಿ ದಿನಾ ಹರಟುತ್ತಾರೆ, ಭಾನುವಾರ ಬೆಳಿಗ್ಗೆ ಸಾಲಾಗಿ ಎಲ್ಲಿಗಾದರೂ ಹೋಗಿ ಇಡ್ಲಿ ತಿಂದು ಬರುತ್ತಾರೆ. ಬಳಗದ ಯಜಮಾನಿಕೆ ಪುತ್ತೂರಿನ ಒಬ್ಬ ಬೇಕರಿಯವರದ್ದು. ಹಂಪ್ ಬಂದಾಗ ಕಾರಿನ ಅಡಿ ತಾಗದ ಹಾಗೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸುವುದನ್ನು ನನಗೆ ಕಲಿಸಿದವರು ಅವರೇ. ಹಿಂದಿನಿಂದ ಬಸ್ಸಿನವ ಎಷ್ಟು ಹಾರ್ನ್ ಹೊಡೆದರೂ ಮಾನ ಬಿಟ್ಟು ನಿಧಾನ ಮಾಡಬೇಕು ಎಂಬುದು ಅವರ ಮೊದಲ ಪಾಠ. ಕೋರ್ಟಿನಲ್ಲಿ ನನ್ನ ಹತ್ತಿರ ಬರುವವರಿಗೆಲ್ಲ ಏನಾದರೊಂದು ತಕರಾರು ಇರುತ್ತದೆ. ಇಲ್ಲಿ ಟಯರಿನ ವಿಷಯ ಬಿಟ್ಟರೆ ಬೇರೆ ಚಿಂತೆಯೇ ಇಲ್ಲ. ಐವತ್ತು ದಾಟಿದವನಿಗೆ ಹೊಸ ಸ್ನೇಹಿತರು ಸಿಗುವುದು ಸಣ್ಣ ಸಂಗತಿಯಲ್ಲ, ನನಗೆ ನಿಜವಾಗಿಯೂ ಸಂತೋಷವಾಗಿತ್ತು.

ಕೀಯ ಕಥೆ ಕೇಳಿ ಬೇಕರಿಯವರು ಹಣೆ ಬಡಿದುಕೊಂಡರು. "ಅದು ಹಾಲು ಕೊಡುದಿಲ್ಲ ಮಾರಾಯ್ರೆ, ಪೆಟ್ರೋಲ್ ಕುಡಿಯುದು. ಮೊದಲು ಲಾಕ್ ಬದಲಿಸಿ." ಹೂಂ ಎಂದೆ. ಬದಲಿಸಲಿಲ್ಲ.

ಒಂದು ದಿನ ಮಧ್ಯಾಹ್ನ ಕೋರ್ಟಿನಿಂದ ಹೊರಗೆ ಬಂದು ನೋಡಿದರೆ ಕಾರು ನಿಲ್ಲಿಸಿದ ಜಾಗದಲ್ಲಿ ಒಂದು ನಾಯಿ ಮಲಗಿತ್ತು. ಗಾಬರಿಯಲ್ಲಿ ಬಳಗಕ್ಕೆ ತಿಳಿಸಿದೆ. ಬೇಕರಿಯವರು ಗಲ್ಲಾಪೆಟ್ಟಿಗೆಯ ಎದುರು ತಮ್ಮನನ್ನು ಕೂರಿಸಿ, ತಮ್ಮ ಹಳದಿ ಕಾರಿನಲ್ಲಿ ಬಂದು ನಿಂತರು. ನಾವು ಹೊರಡುವ ಮೊದಲೇ ಕಡಬ ದಾರಿಯ ಕೊಯಿಲದಿಂದ ಬಳಗದ ಒಬ್ಬರ ಸಂದೇಶ ಬಂತು: "ವಕೀಲರ ಕಾರು ಈಗ ಇಲ್ಲಿ ದಾಟಿತು. ಓಡಿಸುದು ಪ್ರಾಯ ಆದ ಲೇಡಿ. ಚಂದ ಓಡಿಸ್ತಾರೆ."

ಯಾರೆಂದು ನಮಗಿಬ್ಬರಿಗೂ ಅರ್ಥವಾಯಿತು. "ಕಂಪ್ಲೇಂಟ್ ಕೊಡಿ" ಎಂದರು ಬೇಕರಿಯವರು. ಬೇಡ ಎಂದೆ. ಠಾಣೆಯಲ್ಲಿ ಒಮ್ಮೆ ಹೆಸರು ಬರೆದರೆ ಮತ್ತೆ ಅದು ನನ್ನ ಕೈಯಲ್ಲಿ ಇರುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಂಡ ಸತ್ತ ಮೇಲೆ ಮಾರಿದ ಕಾರನ್ನು ಕದ್ದವಳು ಎಂದು ಊರು ಆಡಿಕೊಂಡರೆ ಆ ಹೆಂಗಸು ಮಾನ ಇಟ್ಟುಕೊಂಡು ಸೊಸೈಟಿಗೆ ಹಾಲು ಕೊಂಡುಹೋಗುವುದು ಹೇಗೆ? ಅಷ್ಟು ಹೊತ್ತಿಗೆ ಬಳಗದವರು ವಾಟ್ಸಾಪಿನಲ್ಲಿ ಕಳ್ಳಿಯನ್ನು ಹಿಡಿಯುವ ಉಪಾಯಗಳನ್ನು ಹೇಳತೊಡಗಿದ್ದರು. ಯಾರೂ ಪೊಲೀಸರಿಗೆ ಫೋನ್ ಮಾಡಬೇಡಿ ಎಂದು ಬರೆದೆ. ಹಳದಿ ಕಾರಿನಲ್ಲಿ ಹಿಂದೆ ಬಿದ್ದೆವು, ಕಡಬ ದಾಟುವವರೆಗೂ ನಾನು ಫೋನಿನಿಂದ ಕಣ್ಣು ತೆಗೆಯಲಿಲ್ಲ.

ಕಾರು ಸಿಕ್ಕಿದ್ದು ಸುಬ್ರಹ್ಮಣ್ಯದಲ್ಲಿ, ಯಾತ್ರಿಕರ ಬಸ್ಸುಗಳ ನಡುವೆ. ಅಷ್ಟು ನೇರವಾಗಿ ನಾನು ಅದನ್ನು ಒಂದು ದಿನವೂ ನಿಲ್ಲಿಸಿದವನಲ್ಲ. ಅಕ್ಕ ಒಳಗೆ ಕೂತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು, ಚಪ್ಪಲಿ ಬಿಚ್ಚಿ ಬದಿಗಿಟ್ಟಿದ್ದರು, ಎರಡೂ ಕೈ ಸ್ಟೇರಿಂಗಿನ ಮೇಲಿತ್ತು. ನನ್ನ ಕರಿ ಕೋಟು ಕಂಡದ್ದೇ ಮುಖ ಬಿಳಿಚಿಕೊಂಡಿತು.

"ಕದ್ದದ್ದಲ್ಲ ವಕೀಲ್ರೆ. ಕನ್ನಡಕ ಸರಿ ಮಾಡಿಸ್ಲಿಕ್ಕೆ ಪುತ್ತೂರಿಗೆ ಬಂದದ್ದು. ಕೋರ್ಟಿನ ಹತ್ತಿರ ಇದನ್ನು ಕಂಡೆ. ಕೀ ಬ್ಯಾಗಲ್ಲಿ ಇತ್ತು. ಒಂದು ಸಲ ಕೂತು ನೋಡುವಾ ಅಂತ ಕೂತದ್ದು, ಸ್ಟಾರ್ಟ್ ಆಯ್ತು. ಉಪ್ಪಿನಂಗಡಿಯಲ್ಲಿ ತಿರುಗಿಸುವಾ ಅಂತ ಇದ್ದೆ. ಮತ್ತೆ ಕಡಬದಲ್ಲಿ ತಿರುಗಿಸುವಾ ಅಂತ ಇದ್ದೆ." ನನ್ನ ಹಿಂದೆ ಇಣುಕಿ ಕೇಳಿದರು, "ಪೊಲೀಸ್ನವರು ಬರ್ತಾರಾ?"

ಬೇಕರಿಯವರು ಫೋನ್ ಹಿಡಿದುಕೊಂಡು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಬಳಗವಿಡೀ ಸುದ್ದಿಗೆ ಕಾಯುತ್ತಿತ್ತು. ನಾನು ಅವರ ಕಡೆ ತಿರುಗಿ, "ಬೆಳಿಗ್ಗೆ ನಾನೇ ಅಕ್ಕನಿಗೆ ಓಡಿಸ್ಲಿಕ್ಕೆ ಹೇಳಿದ್ದು. ಮರ್ತೇ ಹೋಗಿತ್ತು" ಎಂದೆ. ಇಷ್ಟು ವರ್ಷ ಕೋರ್ಟಿನಲ್ಲಿ ನಿಂತವನಿಗೆ ಸುಳ್ಳು ಇಷ್ಟು ಕೆಟ್ಟದಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಬೇಕರಿಯವರು ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. ಕುಕ್ಕರುಗಾಲಲ್ಲಿ ಕೂತು ಕಾರಿನ ಅಡಿಗೆ ಕಣ್ಣು ಹಾಯಿಸಿದರು. "ಎಲ್ಲಿಯೂ ತಾಗ್ಲಿಲ್ಲ" ಎಂದು ಎದ್ದು ಬಳಗಕ್ಕೆ ಬರೆದರು: "ವಕೀಲರಿಗೆ ಮರೆವು. ಕಾರು ಕೊಟ್ಟದ್ದು ಅವರೇ." ಕೂಡಲೇ ನನ್ನ ಮಾನ ಹರಾಜಾಯಿತು. ಯಾರೋ ಬ್ರಾಹ್ಮಿ ಎಣ್ಣೆಯ ಬಾಟಲಿಯ ಫೋಟೋ ಕಳಿಸಿದರು. ಅದಕ್ಕೆ ನಾನು ಕೈ ಮುಗಿಯುವ ಚಿತ್ರ ಹಾಕಿದೆ. ಆ ದಿನ ಬೇಕರಿಯವರ ಮೇಲೆ ನನಗೆ ಹುಟ್ಟಿದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ.

ಪೊಲೀಸರು ಬರುವುದಿಲ್ಲ ಎಂದು ಗಟ್ಟಿಯಾದ ಮೇಲೆ ಅಕ್ಕನ ಮುಖಕ್ಕೆ ಕಳೆ ಬಂತು. ಆಮೇಲೆ ನಿಧಾನಕ್ಕೆ ನಗು ಬಂತು. ದಾರಿಯಲ್ಲಿ ಎರಡು ಬಸ್ಸನ್ನು ಹಿಂದೆ ಹಾಕಿದ್ದನ್ನು ಕೈ ಬೀಸಿ ಬೀಸಿ ಹೇಳಿದರು. ಮಾತಿನ ಭರದಲ್ಲಿ ನನ್ನ ತೋಳನ್ನು ತಟ್ಟಿದರು.

"ಎಂತ ಕಷ್ಟವೂ ಇಲ್ಲ ವಕೀಲ್ರೆ. ಓಮ್ನಿಗಿಂತ ಸಲೀಸು ಉಂಟು."

ಹೌದು ಎಂದೆ.

"ಮತ್ತೆ ನಮ್ಮವರು ಯಾಕೆ ಇದು ನನ್ನ ಕೈಗೆ ಬಗ್ಗುದಿಲ್ಲ ಅಂತ ಹೇಳ್ತಾ ಇದ್ದದ್ದು?"

ಬೇಕರಿಯವರು ಅತ್ತ ಕಡೆ ಇಳಿಯುತ್ತಿದ್ದ ಯಾತ್ರಿಕರನ್ನು ನೋಡತೊಡಗಿದರು. ಅಕ್ಕನ ನಗು ಇನ್ನೂ ಪೂರ್ತಿ ಮಾಸಿರಲಿಲ್ಲ, ಕಣ್ಣು ಮಾತ್ರ ತುಂಬುತ್ತಾ ಬಂತು.

"ನಾನೂ ನಂಬಿದೆ ಅಲ್ವಾ ಇಷ್ಟು ವರ್ಷ," ಎಂದರು. "ಈಗ ಒಂದು ಜಗಳ ಮಾಡುವಾ ಅಂದ್ರೆ, ಆ ಜನವೇ ಇಲ್ಲ."